ಉಗುಳಿದ ಕಾಳು

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನಾನು ಮೊದಲನೆಯದನ್ನು ಮಾತ್ರ ಬಲ್ಲವಳು. ಮಕ್ಕಳ ಆಸ್ಪತ್ರೆಯ ಅಡುಗೆಮನೆಯಲ್ಲಿ ನನ್ನ ಕೆಲಸ. ತುಟಿ ಬಿಗಿದು ಮುಖ ತಿರುಗಿಸಿಕೊಳ್ಳುವವರ ಬಾಯಿಗೆ ಹೇಗಾದರೂ ನಾಲ್ಕು ತುತ್ತು ಇಳಿಸುವುದೇ ನನ್ನ ಕಸುಬು. ಕೋಪ ಮಾತ್ರ ಮೂಗಿನ ತುದಿಯಲ್ಲೇ ಇರುತ್ತದೆ. ಹಾಗಾಗಿ ಅಕ್ಕ ಫೋನಿನಲ್ಲಿ, "ಇವತ್ತೂ ಉಗುಳಿಬಿಟ್ವು ಕಣೇ, ನಂಗೂ ಊಟ ಬೇಡ" ಅಂದಾಗ ಮೊದಲು ಚೆನ್ನಾಗಿ ಬೈದೆ, ಆಮೇಲೆ ರಜೆ ಹಾಕಿ ಹೊರಟೆ.

ಉಗುಳಿದ್ದು ಅವಳ ಮಗಳು ಸಾಕಿದ್ದ ಎರಡು ಆಕ್ಸಲಾಟಲ್‌ಗಳು. ನೋಡದವರಿಗೆ ಹೇಳುವುದಾದರೆ, ಅತ್ತ ಮೀನೂ ಅಲ್ಲ, ಇತ್ತ ಹಲ್ಲಿಯೂ ಅಲ್ಲ ಅನ್ನುವಂಥ, ಅಂಗೈಗಿಂತ ಉದ್ದದ ನೀರಿನ ಪ್ರಾಣಿ. ನಾಲ್ಕು ಪುಟ್ಟ ಕಾಲು, ಅಗಲ ಬಾಯಿ, ಕತ್ತಿನ ಎರಡೂ ಕಡೆ ಗರಿಗಳ ಹಾಗೆ ಹೊರಗೆ ಹರಡಿಕೊಂಡ ಕಿವಿರು. ಮುಖದಲ್ಲಿ ಯಾವಾಗಲೂ ಒಂದು ನಗು, ಯಾಕೆ ಅಂತ ಅದಕ್ಕೂ ಗೊತ್ತಿಲ್ಲ. ಕಪ್ಪೆಯ ಮರಿ ಬಾಲ ಕಳೆದುಕೊಂಡು ದಡ ಹತ್ತುತ್ತದಲ್ಲ, ಇವು ಹತ್ತುವುದೇ ಇಲ್ಲ. ಸಾಯುವವರೆಗೂ ಮರಿಯಾಗಿಯೇ ನೀರಿನಲ್ಲಿ ಉಳಿದುಬಿಡುತ್ತವೆ. ಬಿಳಿಯದು ಕೂತಲ್ಲೇ ಕೂತಿರುತ್ತದೆಂದು ಅದಕ್ಕೆ ದೊರೆ ಅಂತ ಹೆಸರು. ಕರಿಯದು ಅದರ ಸುತ್ತ ಓಡಾಡಿಕೊಂಡಿರುವುದರಿಂದ ಅದು ಮಂತ್ರಿ.

ಹೆಸರಿಟ್ಟವಳು ಚುಕ್ಕಿ, ಅಕ್ಕನ ಒಬ್ಬಳೇ ಮಗಳು. ಹುಟ್ಟಿದಾಗ ಅಷ್ಟು ಸಣ್ಣಗಿದ್ದಳೆಂದು ಹಾಗೆ ಕರೆದೆವು, ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೇಲೂ ಆ ಹೆಸರೇ ಉಳಿಯಿತು. ಹೋದ ತಿಂಗಳು ಕೆಲಸ ಮುಗಿಸಿ ಬರುತ್ತಿದ್ದಾಗ ಬಸ್ಸಿನಿಂದ ಇಳಿಯುವಲ್ಲಿ ಕಾಲು ತಪ್ಪಿ ಬಿದ್ದಳು. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಇದನ್ನು ಇದಕ್ಕಿಂತ ಉದ್ದವಾಗಿ ಹೇಳಲು ನನ್ನಿಂದ ಆಗುವುದಿಲ್ಲ.

ಅಕ್ಕ ಭಾವನದು ಡ್ರೈಕ್ಲೀನಿಂಗ್ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಬಾಗಿಲು ದೂಡಿದ ಕೂಡಲೇ ಕಲೆ ತೆಗೆಯುವ ಔಷಧಿಯ ವಾಸನೆ ಮೂಗಿಗೆ ಬಡಿಯಿತು. ಪೆಟ್ರೋಲಿಗೆ ಯಾರೋ ಸಕ್ಕರೆ ಬೆರೆಸಿದ ಹಾಗಿರುತ್ತದೆ ಅದು. ಇದರಲ್ಲಿ ಹೇಗೆ ಬದುಕುತ್ತೀರಿ ಅಂತ ನಾನು ಬಂದಾಗಲೆಲ್ಲ ಕೇಳುತ್ತೇನೆ, ಯಾವ ವಾಸನೆ ಅಂತ ಅವರು ನನ್ನನ್ನೇ ಕೇಳುತ್ತಾರೆ. ಒಂದು ರಾತ್ರಿ ಅಲ್ಲಿ ಮಲಗಿ ಎದ್ದರೆ ನನ್ನ ಮೂಗಿಗೂ ಅದು ಗೊತ್ತಾಗುವುದಿಲ್ಲ.

ಚುಕ್ಕಿಯ ಕೋಣೆಯಲ್ಲಿ ಗಾಜಿನ ತೊಟ್ಟಿಯ ಮುಂದೆ ಅಕ್ಕ ಕೂತಿದ್ದಳು. ತೊಡೆಯ ಮೇಲೆ ಮುಟ್ಟದ ತಟ್ಟೆ. ಅವು ತಿಂದರೆ ತಾನು ತಿನ್ನುವುದು ಅಂತ ಯಾರಿಗೂ ಹೇಳದೆ ತಾನೇ ಒಂದು ಕಟ್ಟಳೆ ಮಾಡಿಕೊಂಡಿದ್ದಳು. ಹಗಲಿಗೆ ಚಹಾ, ಭಾವ ಗದರಿದರೆ ಅರ್ಧ ಬ್ರೆಡ್ಡು, ಅಷ್ಟೇ. ಬಳೆ ಮೊಣಕೈವರೆಗೆ ಜಾರುತ್ತಿತ್ತು. ಆಸ್ಪತ್ರೆಯಲ್ಲಿ ಇಂಥ ಕೈಗಳನ್ನು ನೋಡಿದ್ದೇನೆ, ಅಲ್ಲಿ ನನಗೆ ಭಯವಾಗುವುದಿಲ್ಲ. ಇಲ್ಲಿ ಆಯಿತು.

ತೊಟ್ಟಿಯಲ್ಲಿದ್ದವೂ ಅವಳಿಗಿಂತ ಚೆನ್ನಾಗೇನೂ ಇರಲಿಲ್ಲ. ಅವುಗಳ ಹೊಟ್ಟೆ ತಲೆಯಷ್ಟೇ ಅಗಲ ಇದ್ದರೆ ಆರೋಗ್ಯ ಅಂತ ಚುಕ್ಕಿ ಹೇಳುತ್ತಿದ್ದಳು. ಈಗ ದೊಡ್ಡ ತಲೆಯ ಹಿಂದೆ ಮೈ ಬಳ್ಳಿಯಂತಾಗಿತ್ತು, ಕಿವಿರಿನ ಗರಿ ಉದುರಿ ಕಡ್ಡಿ ಉಳಿದಿತ್ತು. ಮಗಳಿದ್ದಾಗ ದಿನಾ ಸಂಜೆ ಪೆಲೆಟ್ ಅನ್ನುವ ಒಣ ಆಹಾರದ ಕಾಳು ತಿನ್ನುತ್ತಿದ್ದವಂತೆ, ಒಂದೊಂದನ್ನೇ ಚಿಮಟದಲ್ಲಿ ಹಿಡಿದು ಮೂತಿಯ ಮುಂದೆ ಕೊಡುತ್ತಿದ್ದಳಂತೆ. ಅವಳು ಹೋದ ಮೇಲೆ ಅಕ್ಕ ಅದೇ ಚಿಮಟದಲ್ಲಿ, ಅದೇ ಡಬ್ಬಿಯ ಕಾಳು ಕೊಟ್ಟಳು. ಬಾಯಿಗೆ ಎಳೆದುಕೊಂಡು ಉಗುಳಿದವು. ಕಾಳು ಹಳಸಿರಬೇಕೆಂದು ಅಕ್ಕ ಡಬ್ಬಿಯನ್ನು ಬರಿದು ಮಾಡಿ ತೊಳೆದು, ಸಿಕ್ಕ ಬೇರೆ ಕಾಳು ತುಂಬಿಟ್ಟಳು. ಅದನ್ನೂ ಉಗುಳಿದವು. ಯಾವ ಕಾಳು, ಎಲ್ಲಿಂದ ತಂದಿದ್ದು, ಕೇಳೋಣ ಅಂದರೆ ಹೇಳಬೇಕಾದವಳೇ ಇಲ್ಲ.

ಸಂಜೆ ದೀಪ ಹಾಕುವ ಹೊತ್ತಿಗೆ ಅದನ್ನು ನಾನು ಕಣ್ಣಾರೆ ನೋಡಿದೆ. ಹಗಲೆಲ್ಲ ಮಣ್ಣಿನ ಕುಡಿಕೆಯ ಹಿಂದೆ ಬಿದ್ದುಕೊಂಡಿದ್ದ ಎರಡೂ ಎದ್ದು, ತಳದ ಮೇಲೆ ಮೆಲ್ಲಗೆ ನಡೆದು, ತೊಟ್ಟಿಯ ಎಡಮೂಲೆಗೆ ಬಂದವು. ನಾವು ಕೂತಿದ್ದು ಬಲಗಡೆ. ಎಡಗಡೆ ಗೋಡೆ ಮತ್ತು ತೊಟ್ಟಿಯ ನಡುವೆ ಒಬ್ಬರು ನಿಲ್ಲುವಷ್ಟು ಜಾಗ, ಚುಕ್ಕಿ ನಿಲ್ಲುತ್ತಿದ್ದದ್ದು ಅಲ್ಲಿ. ಈಗ ಅಲ್ಲಿ ಯಾರೂ ಇರಲಿಲ್ಲ. ಎರಡೂ ಅತ್ತ ತಲೆಯೆತ್ತಿ, ಒಬ್ಬರ ಮುಖ ಇರಬಹುದಾದ ಎತ್ತರಕ್ಕೆ ನೋಡುತ್ತ ನಿಂತವು.

"ಬಂದ್ಳು," ಅಂದಳು ಅಕ್ಕ.

ದೆವ್ವ ಭೂತ ಅಂದರೆ ನಗುವವಳು ನಾನು, ಹೆಣದ ಕೋಣೆಯ ಪಕ್ಕದಲ್ಲೇ ತರಕಾರಿ ಹೆಚ್ಚುತ್ತೇನೆ. ಆದರೂ ಆ ಜಾಗದ ಕಡೆ ನೇರವಾಗಿ ನೋಡುವುದಕ್ಕೆ ನನಗೆ ಧೈರ್ಯ ಸಾಲಲಿಲ್ಲ. ಅಕ್ಕನ ಮುಖದಲ್ಲಿ ಮಾತ್ರ ಭಯವಿರಲಿಲ್ಲ. ಅವಳು ಸೆರಗು ಸರಿಮಾಡಿಕೊಂಡಳು, ಸ್ವಲ್ಪ ನಕ್ಕಳು, ಆಮೇಲೆ ಚಿಮಟ ಎತ್ತಿಕೊಂಡು ಕಾಳು ಕೊಡಲು ಹೋದಳು. ಮಂತ್ರಿ ಬಾಯಿ ತೆರೆದು ಎಳೆದುಕೊಂಡಿತು. ಮರುಕ್ಷಣವೇ ಕಾಳು ಹೊರಗೆ ಬಂದು ತಳಕ್ಕೆ ಬಿತ್ತು. ಅಕ್ಕ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

ಮರುದಿನದಿಂದ ನಾನು ಕಾಳಿನ ಬೇಟೆಗೆ ಬಿದ್ದೆ. ಸಾಕುಮೀನು ಮಾರುವ ಅಂಗಡಿಯವನು ಮಾತಿನ ಮಲ್ಲ. ಹೆಸರು ಕೇಳಿದ ಕೂಡಲೇ ಗೊತ್ತು ಗೊತ್ತು ಅಂತ ಮೀನಿನ ಕಾಳು ಕೊಟ್ಟ. ಮನೆಗೆ ತಂದು ಹಾಕಿದರೆ ಕಾಳು ಮೇಲೆ ತೇಲಿತು, ದೊರೆ ಮಂತ್ರಿ ಕೆಳಗೆ. ಕಣ್ಣು ಮಂದವಿರುವ ಅವಕ್ಕೆ ತಲೆಯ ಮೇಲೆ ಊಟ ತೇಲುತ್ತಿದೆಯೆಂಬುದೇ ತಿಳಿಯಲಿಲ್ಲ. ಹೋಗಿ ಜಗಳವಾಡಿ ಮುಳುಗುವಂಥದ್ದು ತಂದೆ. ಅದು ಆಮೆಗಂತೆ, ಕಲ್ಲಿನ ಹಾಗಿತ್ತು. ಅಗಿಯುವ ಹಲ್ಲೇ ಇಲ್ಲದವು ಅದನ್ನು ಏನು ಮಾಡಬೇಕು? ಮೂರನೆಯದು ಹಸಿರು ಕಾಳು, ಸೊಪ್ಪಿನದು. ನೀರಿಗೆ ಬಿದ್ದದ್ದೇ ಕರಗಿ ತೊಟ್ಟಿಯೆಲ್ಲ ಕದಡಿಹೋಯಿತು, ಭಾವ ಅರ್ಧ ದಿನ ನೀರು ಬದಲಾಯಿಸಿದರು. ಇವು ಮಾಂಸ ತಿನ್ನುವ ಪ್ರಾಣಿ ಮಾರಾಯಾ ಅಂತ ಅಂಗಡಿಯವನಿಗೆ ಹೇಳಿದೆ. ನೋಡಿದರೆ ಸಾಧುವಿನ ಹಾಗಿದಾವಲ್ಲ ಅಂದ.

ಕೊನೆಗೆ ಅವನೇ ಎಲ್ಲೆಲ್ಲೋ ವಿಚಾರಿಸಿ ಇವಕ್ಕೆಂದೇ ಮಾಡಿದ ಕಾಳು ತರಿಸಿಕೊಟ್ಟ. ಮೀನಿನ ಹಿಟ್ಟಿನದು, ತಕ್ಷಣ ಮುಳುಗುತ್ತದೆ, ನೀರಿನಲ್ಲಿ ಮೆತ್ತಗಾಗುತ್ತದೆ, ಕರಗುವುದಿಲ್ಲ. ಗಾತ್ರ ಅವುಗಳ ಎರಡು ಕಣ್ಣಿನ ನಡುವಿನ ಅಗಲಕ್ಕಿಂತ ಕಡಿಮೆ. ನೂರು ಮಕ್ಕಳಿಗೆ ಉಣ್ಣಿಸಿದ ನನಗೆ ಮೂಸಿದ ಕೂಡಲೇ ಗೊತ್ತಾಯಿತು, ಇದೇ ಸರಿಯಾದ ಊಟ. ಆ ಸಂಜೆ ಅಕ್ಕನ ತಟ್ಟೆಗೂ ಬಿಸಿಬಿಸಿಯಾಗಿ ಬಡಿಸಿಟ್ಟುಕೊಂಡೆ. ದೊರೆ ಎಳೆದುಕೊಂಡಿತು. ಉಗುಳಿತು. ಮಂತ್ರಿಯೂ ಹಾಗೇ ಮಾಡಿತು. ನನಗೆ ಅಳು ಬಂತು, ಅದನ್ನು ಮುಚ್ಚಿಕೊಳ್ಳಲು ಆ ಪ್ರಾಣಿಗಳಿಗೆ ಬಾಯಿಗೆ ಬಂದ ಹಾಗೆ ಬೈದೆ.

ಎರೆಹುಳ ಕೊಟ್ಟರೆ ಯಾವುದೇ ಆಕ್ಸಲಾಟಲ್ ಬಿಡುವುದಿಲ್ಲವಂತೆ. ಕಾಳಿಗಾಗಿ ವಿಚಾರಿಸುವಾಗ ಅಂಗಡಿಯವನಿಗೆ ಯಾರೋ ಹೇಳಿದ್ದರು. ಭಾವನಿಗೂ ಗೊತ್ತಿತ್ತು. ನಾನು ಬರುವ ಮೊದಲೇ ಅವರೊಮ್ಮೆ ಡಬ್ಬಿಯಲ್ಲಿ ಹಸಿ ಮಣ್ಣಿನ ಜೊತೆ ತಂದಿದ್ದರಂತೆ. ಅಕ್ಕ ಮುಚ್ಚಳ ತೆಗೆದು ನೋಡಿದಳು, ಡಬ್ಬಿಯನ್ನು ಬೀದಿಗೆ ಎಸೆದಳು, ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡಳು. ಮಗಳನ್ನು ಮಣ್ಣಿನಲ್ಲಿ ಮಲಗಿಸಿ ಬಂದವಳ ಎದುರು ಮಣ್ಣಿನ ಹುಳ ತಂದಿಟ್ಟರೆ ಇನ್ನೇನಾದೀತು. ಅಂದಿನಿಂದ ಆ ಮನೆಯಲ್ಲಿ ಹುಳದ ಮಾತು ಯಾರೂ ಎತ್ತಲಿಲ್ಲ, ತಿಂದರೆ ಕಾಳೇ ತಿನ್ನಬೇಕಿತ್ತು.

ಭಾವನ ಪಾಡು ಬೇರೆಯೇ ಇತ್ತು. ಒಂದು ಮಧ್ಯಾಹ್ನ ಅಂಗಡಿ ಮುಚ್ಚಿದ ಹೊತ್ತಿನಲ್ಲಿ ಪರದೆಯಾಚೆ ಕಿರ್ ಅನ್ನುವ ಸದ್ದಾಯಿತು. ಹೋಗಿ ನೋಡಿದರೆ ಒಗೆದ ಬಟ್ಟೆಗಳನ್ನು ತೂಗುಹಾಕುವ ತಿರುಗುವ ಸರಳು ತಾನೇ ತಿರುಗುತ್ತಿತ್ತು. ಯಾರದೋ ಸೂಟು, ಯಾರದೋ ಮದುವೆಯ ಉಡುಪು, ತೋಳು ಜೋಲುಬಿಟ್ಟ ಕೋಟುಗಳು ಒಂದರ ಹಿಂದೊಂದು ಸಾಗಿ ಬಂದವು. ಸದ್ದು ನಿಂತಾಗ ಗಲ್ಲಾದ ಎದುರಿಗಿದ್ದದ್ದು ಚುಕ್ಕಿ ಕನ್ನಡಕದ ಅಂಗಡಿಗೆ ತೊಡುತ್ತಿದ್ದ ಬಿಳಿ ಕೋಟು. ನಾನು ಪರದೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಇಸ್ತ್ರಿ ಮೇಜಿನ ಪಕ್ಕದ ಕುರ್ಚಿಯಲ್ಲಿ ಭಾವ ಕೂತಿದ್ದರು, ಎಷ್ಟು ಹೊತ್ತಿನಿಂದಲೋ. ಸ್ವಿಚ್ಚು ಸಡಿಲವಾಗಿದೆ, ಆಗಾಗ ಹೀಗಾಗುತ್ತದೆ ಅಂದರು. ರಿಪೇರಿ ಮಾಡಿಸಬಾರದೇ ಅಂದೆ.

"ನಂಗೇ ಬರುತ್ತಮ್ಮ ರಿಪೇರಿ. ಮಾಡಿಲ್ಲ, ಅಷ್ಟೆ," ಅಂದರು.

ಗಂಡ ಹೆಂಡತಿ ಇಬ್ಬರೂ ಹೀಗೆ ಒಬ್ಬೊಬ್ಬರೇ ಒಂದೊಂದು ಮೂಲೆಯಲ್ಲಿ ಕಾಯುತ್ತಿದ್ದರು. ನನ್ನ ರಜೆ ಮುಗಿಯಿತು. ಹೊರಡುವ ಮೊದಲು ಅಕ್ಕನ ಮುಂದೆ ಕೂತು ಬೇಡಿಕೊಂಡೆ, ಹೆದರಿಸಿದೆ, ಹೀಗೇ ಆದರೆ ನಾಳೆ ನಿನಗೂ ಮೂಗಿಗೆ ನಳಿಗೆ ಹಾಕಿ ಉಣ್ಣಿಸಬೇಕಾಗುತ್ತದೆ ಅಂದೆ. ಅವಳು ಶಾಂತವಾಗಿ ಕೇಳಿಸಿಕೊಂಡಳು. ಕಾಳಿನಲ್ಲಿ ತಪ್ಪಿಲ್ಲ, ಚುಕ್ಕಿಯ ಕೈಯಿಂದಲ್ಲದೆ ಅವು ಬೇರೆಯವರ ಕೈಯಿಂದ ತಿನ್ನುವುದಿಲ್ಲ ಅಂದಳು. ಅವಳು ಬಂದು ನಿಲ್ಲುವುದು ಅವಕ್ಕೆ ಕಾಣುತ್ತದೆ, ಕೊಡಲು ಅವಳಿಗೆ ಕೈ ಇಲ್ಲ, ಅದಕ್ಕೇ ಪಾಪ ಕಾಯುತ್ತವೆ ಅಂದಳು. ಹೇಳುವಾಗ ಅವಳ ದನಿಯಲ್ಲಿ ಒಂದು ಬಗೆಯ ಹೆಮ್ಮೆ ಇತ್ತು. ಮಾತಿನಲ್ಲಿ ಸೋತಾಗ ನಾನು ಬಾಗಿಲು ಬಡಿದುಕೊಂಡು ಹೊರಡುತ್ತೇನೆ, ಅಂದೂ ಹಾಗೇ ಹೊರಟೆ.

ವಾರ ಕಳೆದು ಮತ್ತೆ ಬಂದೆ. ಬಾಗಿಲು ದೂಡಿದ್ದೇ ತಡ, ಆ ವಾಸನೆ ಎಂದಿನಂತೆ ಮೂಗಿಗೆ ಬಡಿಯಿತು. ಚುಕ್ಕಿಯ ಕೋಣೆಗೆ ಹೋದರೆ ಅಲ್ಲಿ ಅಂಗಡಿಗಿಂತ ಜೋರಾಗಿತ್ತು. ಅಕ್ಕ ಮಂಚದ ತುದಿಯಲ್ಲಿ ಕೂತು, ಮಡಿಲಲ್ಲಿ ಕಲೆ ಔಷಧಿಯ ಶೀಸೆ ಇಟ್ಟುಕೊಂಡು, ಮೆತ್ತನೆಯ ಬಟ್ಟೆಯಲ್ಲಿ ಆ ಚಿಮಟವನ್ನು ಒರೆಸುತ್ತಿದ್ದಳು. ತುದಿಯಿಂದ ಬುಡಕ್ಕೆ, ಬುಡದಿಂದ ತುದಿಗೆ. ಆಮೇಲೆ ಕಾಳಿನ ಡಬ್ಬಿಯ ಮುಚ್ಚಳ, ಒಳಗೂ ಹೊರಗೂ. ಆ ಮನೆಯವರು ಯಾವುದರ ಮೇಲೆ ಅಕ್ಕರೆಯೋ ಅದನ್ನು ಆ ಔಷಧಿಯಲ್ಲೇ ಒರೆಸುವವರು. ಭಾವನ ಗಡಿಯಾರ, ಗೋಡೆಯ ಮೇಲಿನ ಫೋಟೋದ ಗಾಜು, ಚುಕ್ಕಿಯ ಬಾಚಣಿಗೆ, ಎಲ್ಲ ಹಾಗೇ ಫಳಫಳ ಹೊಳೆಯುತ್ತಿದ್ದವು.

ನಾನು ಬಾಗಿಲಲ್ಲೇ ನಿಂತೆ. ಕಣ್ಣು ಮಂದವಿರುವ ಪ್ರಾಣಿ ಮೂಗಿನಿಂದಲೇ ಊಟ ಹುಡುಕುತ್ತದೆ. ಅದರ ಬಾಯಿಗೆ ನಾವು ದಿನಾ ಇಡುತ್ತಿದ್ದದ್ದು ಇದನ್ನು. ಅಂಗಡಿಗೆ ಮತ್ತೆ ಮತ್ತೆ ಅಲೆದು ಕಾಳು ಬದಲಾಯಿಸಿದ್ದೆವು, ಚಿಮಟ ಬದಲಾಯಿಸಿರಲಿಲ್ಲ. ದೀಪದ ಬುಡದಲ್ಲೇ ಕತ್ತಲು. ಅಷ್ಟು ದಿನ ಅದೇ ಕೋಣೆಯಲ್ಲಿ ಕೂತು ನನ್ನ ಮೂಗೂ ಸತ್ತಿತ್ತು.

ಅಕ್ಕನಿಗೆ ಏನೂ ಹೇಳದೆ ಮತ್ತೆ ಬೀದಿಗೆ ನಡೆದೆ. ಹೊಸ ಚಿಮಟ ಕೊಂಡೆ, ಹೊಸ ಪೊಟ್ಟಣ ಕಾಳು ಕೊಂಡೆ. ಬಾಗಿಲು ಬಿಟ್ಟರೆ ಆ ಮನೆಯಲ್ಲಿ ಇನ್ನೂ ಯಾವುದನ್ನೂ ಮುಟ್ಟಿರಲಿಲ್ಲ, ಆದರೂ ಮೀನಿನಂಗಡಿಯ ನಲ್ಲಿಯಲ್ಲಿ ಬರಿ ನೀರಿನಿಂದ ಕೈ ಉಜ್ಜಿ ಉಜ್ಜಿ ತೊಳೆದೆ. ಯಾರನ್ನಾದರೂ ಕೊಂದು ಬಂದಿದೀರಾ ಅಂತ ಅಂಗಡಿಯವನು ಕೇಳಿದ. ವಾಪಸು ಬಂದು, ಅಕ್ಕ ನೋಡುತ್ತಿರುವಂತೆಯೇ ತೊಟ್ಟಿಯ ಮುಚ್ಚಳವನ್ನು ಮೊಣಕೈಯಿಂದ ಸರಿಸಿ, ಹೊಸ ಚಿಮಟದಲ್ಲಿ ಒಂದು ಕಾಳು ಹಿಡಿದು ದೊರೆಯ ಮೂತಿಯ ಮುಂದೆ ಅಲ್ಲಾಡಿಸಿದೆ. ದೊರೆ ಎಳೆದುಕೊಂಡಿತು. ಅದರ ಗಂಟಲು ಒಮ್ಮೆ ಅಲುಗಿತು, ಕಾಳು ಹೊರಗೆ ಬರಲಿಲ್ಲ. ಇನ್ನೊಂದು ಕೊಟ್ಟೆ, ಅದೂ ಹೋಯಿತು. ಮಂತ್ರಿ ನುಗ್ಗಿ ಬಂದು ಚಿಮಟವನ್ನೇ ಕಚ್ಚಿತು. ಹೊಟ್ಟೆ ಕಾಣಿಸಿಕೊಳ್ಳುವಷ್ಟು ತಿಂದವು ಎರಡೂ.

ಅಕ್ಕ ನನ್ನ ಪಕ್ಕ ಬಂದು ನಿಂತಿದ್ದಳು. ಹೇಗೆ ಅಂತ ಕೇಳಿದಳು. ಸುಳ್ಳು ಹೇಳಬಹುದಿತ್ತು, ಒಂದೆರಡು ಒಳ್ಳೆಯ ಸುಳ್ಳು ತುದಿನಾಲಿಗೆಗೆ ಬಂದೂ ಇದ್ದವು. ಆದರೆ ಇಷ್ಟು ದಿನದ ಕೋಪ, ಹೆದರಿಕೆ ಎಲ್ಲ ಒಟ್ಟಾಗಿ ನುಗ್ಗಿತು. ನಿನ್ನ ಔಷಧಿ ಕಣೇ, ಅದರ ನಾತ, ಅದಕ್ಕೇ ಉಗುಳಿದ್ದು, ಇಷ್ಟು ದಿನ ಉಪವಾಸ ಕೆಡವಿದ್ದು ನೀನೇ ಅಂತ ಒದರಿಬಿಟ್ಟೆ. ಹೇಳಿ ಮುಗಿಯುವ ಮೊದಲೇ ಹೇಳಬಾರದಿತ್ತು ಅನ್ನಿಸಿತು.

ಅಕ್ಕ ಜಗಳ ಮಾಡಲಿಲ್ಲ. ಬೆರಳುಗಳನ್ನು ಮೂಗಿನ ಹತ್ತಿರ ತಂದುಕೊಂಡು ಮೂಸಿದಳು. ಅಂಗೈ ಮೂಸಿದಳು, ಸೆರಗು ಮೂಸಿದಳು. ಅವಳ ಮೂಗಿಗೆ ಏನೂ ಸಿಗುತ್ತಿಲ್ಲವೆಂದು ಮುಖ ನೋಡಿದರೇ ತಿಳಿಯುತ್ತಿತ್ತು.

"ಚುಕ್ಕಿಗೂ ಬರ್ತಿತ್ತಾ ಈ ವಾಸನೆ?" ಅಂದಳು. "ತಲೆ ಸವರೋಕೆ ಹೋದ್ರೆ, ಅಮ್ಮ ಕೈ ತೊಳ್ಕೊಂಡ್ ಬಾ ಅಂತಿದ್ಳು. ನಾನು ತಮಾಷೆ ಅಂದ್ಕೊಂಡಿದ್ದೆ."

ಅವಳನ್ನು ತಬ್ಬಿಕೊಂಡೆ. ಎಲುಬು ಕೈಗೆ ಸಿಕ್ಕವು. ಚುಕ್ಕಿಗೆ ಅಮ್ಮನೆಂದರೆ ಪ್ರಾಣ, ಅದು ನಿನಗೂ ಗೊತ್ತು ನನಗೂ ಗೊತ್ತು ಅಂತ ಮತ್ತೆ ಮತ್ತೆ ಹೇಳಿದೆ. ಅದು ನಿಜವೇ ಆಗಿತ್ತು, ಆದರೂ ಆ ಹೊತ್ತಿನಲ್ಲಿ ಸಮಾಧಾನದ ಮಾತಿನಂತೆಯೇ ಕೇಳಿಸಿತು.

ಅಡುಗೆ ಮಾಡಿದೆ. ಸಂಜೆ ದೀಪ ಹಾಕುವ ಹೊತ್ತಿಗೆ ಭಾವನೂ ಅಂಗಡಿಯಿಂದ ಒಳಗೆ ಬಂದರು, ಅವು ತಿಂದವೆಂಬ ಸುದ್ದಿ ಕೇಳಿ ಅವರ ಮುಖದಲ್ಲಿ ಅಪರೂಪಕ್ಕೆ ಬೆಳಕಿತ್ತು. ಮೂವರೂ ತೊಟ್ಟಿಯ ಮುಂದೆ ಕೂತೆವು. ಅಕ್ಕ ಎಂದಿನಂತೆ ಸೆರಗು ಸರಿಮಾಡಿಕೊಂಡು ಎಡಗಡೆಯ ಜಾಗವನ್ನೇ ನೋಡುತ್ತಿದ್ದಳು. ದೊರೆ ಕುಡಿಕೆಯ ಹಿಂದೆ ಬಿದ್ದುಕೊಂಡಿತ್ತು. ಮಂತ್ರಿ ಅದರ ಬೆನ್ನ ಮೇಲೆ ಒಂದು ಕಾಲು ಹಾಕಿಕೊಂಡು ಮಲಗಿತ್ತು. ಹೊರಗೆ ಪೂರ್ತಿ ಕತ್ತಲಾಯಿತು. ಹೊಟ್ಟೆ ತುಂಬಿದ ಪ್ರಾಣಿಗಳು ಯಾಕೆ ಏಳುತ್ತವೆ? ದಿನಾ ಆ ಹೊತ್ತಿಗೆ ಊಟ ಬರುತ್ತಿದ್ದ ಮೂಲೆಗೆ ಅವು ಹಸಿದು ಬರುತ್ತಿದ್ದವು, ಅಷ್ಟೇ. ಅದು ನನಗೆ ಆಗ ಅರ್ಥವಾಯಿತು, ಅದೇ ಗಳಿಗೆಯಲ್ಲಿ ಅಕ್ಕನಿಗೂ ಅರ್ಥವಾದದ್ದು ನೋಡಿದೆ.

ಅವಳು ಎದ್ದು ಎಡಗಡೆಯ ಆ ಸಂದಿಯಲ್ಲಿ ಹೋಗಿ ನಿಂತಳು. ಗಾಜನ್ನು ಮುಟ್ಟಲು ಕೈ ಎತ್ತಿದವಳು ಹಾಗೇ ಇಳಿಸಿದಳು. ಒಳಗೆ ಯಾವುದೂ ಅಲುಗಲಿಲ್ಲ. ಬಹಳ ಹೊತ್ತಿನ ಮೇಲೆ ಬಂದು ಕೂತು, ಕೈ ಚಾಚಿ ತಟ್ಟೆ ಕೇಳಿದಳು. ಅವು ತಿಂದಿದ್ದವಲ್ಲ, ಮಾತಿಗೆ ತಪ್ಪುವವಳಲ್ಲ ಅವಳು. ಅನ್ನವನ್ನು ಕಲಸಿ ಒಂದೊಂದೇ ತುತ್ತು ಬಾಯಿಗಿಟ್ಟುಕೊಂಡು ನುಂಗಿದಳು, ತಟ್ಟೆಯಲ್ಲಿ ಒಂದು ಅಗುಳೂ ಬಿಡಲಿಲ್ಲ. ಉಣ್ಣುತ್ತಿದ್ದಷ್ಟು ಹೊತ್ತೂ ಕಣ್ಣೀರು ಹರಿಯುತ್ತಿತ್ತು. ಭಾವ ತಲೆ ತಗ್ಗಿಸಿಕೊಂಡಿದ್ದರು. ಬದುಕಿನಲ್ಲಿ ಮೊದಲ ಬಾರಿಗೆ, ಒಬ್ಬರು ನನ್ನೆದುರು ಪೂರ್ತಿ ಉಂಡದ್ದಕ್ಕೆ ನನಗೆ ಸಂಕಟವಾಯಿತು.

ಕೈ ತೊಳೆದು ಬಂದವಳು ಖಾಲಿಯಿದ್ದ ಆ ಎಡಮೂಲೆಯನ್ನೊಮ್ಮೆ ನೋಡಿ ನನ್ನ ಪಕ್ಕ ಕೂತಳು. ಭಾವನಿಗೆ ಕೇಳಿಸದ ಹಾಗೆ, ಚಿಕ್ಕಂದಿನಲ್ಲಿ ಅಪ್ಪನಿಗೆ ಗೊತ್ತಾಗದ ಹಾಗೆ ಏನಾದರೂ ಕೇಳುತ್ತಿದ್ದ ದನಿಯಲ್ಲಿ ಹೇಳಿದಳು.

"ನಾಳೆ ಒಂದಿನ ಅವಕ್ಕೆ ಹಾಕ್ಬೇಡ. ಒಂದೇ ದಿನ. ಸ್ವಲ್ಪ ಹಸಿದಿರ್ಲಿ."

ಕಾಳಿನ ಪೊಟ್ಟಣ ನನ್ನ ಕೈಯಲ್ಲೇ ಇತ್ತು. ಬೆಳೆದ ಪ್ರಾಣಿಗಳಿಗೆ ದಿನ ಬಿಟ್ಟು ದಿನ ಹಾಕಿದರೆ ಸಾಕು ಅಂತ ಅದರ ಮೇಲೆಯೇ ಅಚ್ಚು ಹಾಕಿದ್ದರು. ನಾನು ಅದನ್ನು ಅಕ್ಕನಿಗೆ ಓದಿ ಹೇಳಿದೆ. ನೀನು ಮಾತ್ರ ಎರಡೂ ದಿನ ಉಣ್ಣಬೇಕು ಅಂದೆ. ಅವಳು ಹೂಂ ಅಂದಳು.